ಮುಹೂರ್ತಕ್ಕಾಗಿ ಮಗುವನ್ನು ಅವಸರ ಮಾಡಬೇಡ

ಚಿ. ಸೌ. ಸಹನಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನಮ್ಮ ಫೋನ್ ಮಾಡಿದ್ದಳು. ಮೊದಲನೆಯದು ಸಿಸೇರಿಯನ್ ಆದ್ದರಿಂದ ಈ ಸಲವೂ 39 ವಾರ ತುಂಬಿದ ಮೇಲೆ ಸಿಸೇರಿಯನ್ ಅಂತ ಡಾಕ್ಟರ್ ಹೇಳಿದ್ದರಂತೆ. ಮೂಲಾ ನಕ್ಷತ್ರ ತಪ್ಪಿಸೋಕೆ ನಿಮ್ಮ ಮನೆಯವರು 37ನೇ ವಾರಕ್ಕೇ ಮಾಡಿಸಿ ಅನ್ನುತ್ತಿದ್ದಾರಂತೆ. ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವಳು ನಾನು, ಇದನ್ನು ಕೇಳಿ ಸುಮ್ನಿರೋಕೆ ಆಗಲಿಲ್ಲ.

ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶದ ತುಂಬ ನೀರಿರುತ್ತದೆ. ದಿನ ತುಂಬುತ್ತಾ ಬಂದು ಹೆರಿಗೆ ನೋವು ಶುರುವಾದರೆ ಆ ನೀರನ್ನು ಮೈ ತಾನೇ ಹೀರಿಕೊಳ್ಳತೊಡಗುತ್ತದೆ. ನೋವೇ ಬಾರದೆ, ಅದೂ ಎರಡು ವಾರ ಮುಂಚೆ ತೆಗೆದರೆ, ನೀರು ಅಲ್ಲೇ ಉಳಿಯಬಹುದು. ಆಗ ಮಗು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಸಲ ಉಸಿರಾಡುತ್ತದೆ. ಪಕ್ಕೆ ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಡುವಾಗ ನರಳುತ್ತದೆ. ಹೆಚ್ಚಿನ ಮಕ್ಕಳು ಎರಡು ಮೂರು ದಿನದಲ್ಲಿ ಸರಿಹೋಗುತ್ತವೆ, ನಿಜ. ಆದರೆ ಅಷ್ಟು ದಿನ ಮಗು ಗ್ಲಾಸಿನ ಪೆಟ್ಟಿಗೆಯಲ್ಲಿ, ನೀನು ಹೊಲಿಗೆ ಹಿಡಿದುಕೊಂಡು ಇನ್ನೊಂದು ವಾರ್ಡಿನಲ್ಲಿ. ಕೆಲವಕ್ಕೆ ಆಕ್ಸಿಜನ್ ಸಾಲದೆ, ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್, ವೆಂಟಿಲೇಟರ್‌ವರೆಗೂ ಹೋಗುತ್ತದೆ. 39ರಲ್ಲಿ ತೆಗೆದವಕ್ಕಿಂತ 37ರಲ್ಲಿ ತೆಗೆದ ಮಕ್ಕಳಲ್ಲಿ ಈ ಪಾಡು ತುಂಬಾ ಜಾಸ್ತಿ.

ಇನ್ನೂ ಮುಂಚೆ ಹುಟ್ಟುವ ಮಕ್ಕಳ ಕಷ್ಟ ಬೇರೆ. ಅವುಗಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್ ಅನ್ನುವ ಜಾರುವ ಪದಾರ್ಥ ಸಾಕಷ್ಟು ಇರುವುದಿಲ್ಲ. ಉಸಿರು ಬಿಟ್ಟಾಗಲೆಲ್ಲ ಗಾಳಿಚೀಲಗಳು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಳ್ಳುತ್ತವೆ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಐದಾರು ವಾರ ಮುಂಚೆ ಹುಟ್ಟಿ, ಇದೇ ಕಾಯಿಲೆಯಿಂದ ಎರಡು ದಿನವೂ ಬದುಕಲಿಲ್ಲ. ಈಗ ಮಗುವಿಗೆ ಸರ್ಫ್ಯಾಕ್ಟೆಂಟನ್ನೇ ಕೊಡುತ್ತಾರೆ. 34 ವಾರಕ್ಕೆ ಮುಂಚೆಯೇ ಹೆರಿಗೆಯಾಗುವ ಹಾಗಿದ್ದರೆ ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ ತಾಯಿಗೆ 12 ಗಂಟೆಗೊಂದರಂತೆ ನಾಲ್ಕು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಹಾಕುತ್ತಾರೆ. "ಇಂಜೆಕ್ಷನ್ ಹಾಕಿಸಿ 37ಕ್ಕೇ ಮಾಡಿಸೋಣ" ಅಂತ ಯಾರಾದರೂ ಅಂದರೆ ಒಪ್ಪಬೇಡ. ಅದಿರುವುದು ಬೇರೆ ದಾರಿಯಿಲ್ಲದ ಮಕ್ಕಳಿಗೆ, ಪಂಚಾಂಗಕ್ಕಲ್ಲ.

ಹಾಗಂತ ಡಾಕ್ಟರ್ ಮಾತು ಮೀರಿ ಕಾಯುತ್ತಾ ಕೂರಬೇಡ. ದಿನ ಮೀರಿದರೆ ಮಗು ಹೊಟ್ಟೆಯೊಳಗೇ ಮಲ ವಿಸರ್ಜಿಸಿ, ಅದನ್ನೇ ಉಸಿರಿಗೆ ಎಳೆದುಕೊಳ್ಳುವ ಭಯ ಇರುತ್ತದೆ. ನಿನಗೆ ಬಿಪಿ ಏರಿದರೆ ಅಥವಾ ಮಗುವಿಗೆ ತೊಂದರೆ ಕಂಡರೆ ಈಗಲೇ ತೆಗೆಯಬೇಕು ಅಂತ ಡಾಕ್ಟರೇ ಹೇಳಬಹುದು. ಆಗ ಒಂದು ಗಳಿಗೆಯೂ ತಡ ಬೇಡ. ಮಗುವಿನ ಒದೆತ ಕಡಿಮೆ ಅನ್ನಿಸಿದರೂ, 39ಕ್ಕೆ ಮುಂಚೆ ನೋವು ಬಂದರೂ, ತಕ್ಷಣ ಆಸ್ಪತ್ರೆಗೆ ಹೋಗು.

ಮನೆಗೆ ಬಂದ ಮೇಲೆ ಎಳೆ ಮಗು ಐದು ಹತ್ತು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಆಡುವುದುಂಟು, ಹೆದರಬೇಡ. 20 ಸೆಕೆಂಡ್ ಆದರೆ, ತುಟಿ ನೀಲಿಯಾದರೆ, ಪಕ್ಕೆ ಸೆಳೆದರೆ, ಹಾಲು ಕುಡಿಯದಿದ್ದರೆ 108ಕ್ಕೆ ಫೋನ್ ಮಾಡು. ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು ವಾರ್ಡಿನಲ್ಲಿ ಎಳೆ ಮಕ್ಕಳಿಗೆ ಚಿಕಿತ್ಸೆ ಉಚಿತ. ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು, ಮೂಗಿಗೆ ಎಣ್ಣೆ ಬಿಡುವುದು ಎರಡೂ ಬೇಡ. ನಿಮ್ಮಜ್ಜಿ ಮಾಡುತ್ತಿದ್ದರು ಅಂತ ನಿನ್ನಮ್ಮ ವಾದ ಮಾಡುತ್ತಾಳೆ, ಮಾಡಲಿ ಬಿಡು.

39 ತುಂಬಿದ ಮೇಲೆ ಡಾಕ್ಟರ್ ಎರಡು ಮೂರು ದಿನ ಕೊಟ್ಟರೆ, ಅದರೊಳಗೆ ಒಳ್ಳೆಯ ನಕ್ಷತ್ರ ಆರಿಸಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ನಿಮ್ಮತ್ತೆಗೆ ಹೇಳೋಕೆ ನಿನಗೆ ಸಂಕೋಚ ಅಲ್ವಾ? ಅವರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ