ಅಲೆಗಳನ್ನು ತೋರಿಸಿಕೊಟ್ಟವರಿಗೆ ಧನ್ಯವಾದ

ನನ್ನ ಪ್ರಶ್ನೆಗೆ ಉತ್ತರಿಸಿದ, ಹೆಸರು ಗೊತ್ತಿಲ್ಲದ ಗೆಳೆಯರೇ, ನಿಮಗೆ ಮನಸಾರೆ ಧನ್ಯವಾದ. ಎವಿಆರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ನಿಂದ ನಡೆಸುವ ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್ಇಡಿ ದೀಪಗಳ ಪಟ್ಟಿಯಲ್ಲಿ ಬಣ್ಣಗಳು ಏಕೆ ತಪ್ಪಾಗಿ ಬರುತ್ತಿವೆ ಎಂದು ತಿಳಿಯದೆ ದಿನಗಟ್ಟಲೆ ಪ್ರೋಗ್ರಾಮನ್ನೇ ದಿಟ್ಟಿಸುತ್ತಿದ್ದೆ. ವಿದ್ಯುತ್ ಸಂಕೇತದ ಅಲೆಗಳನ್ನು ತೋರಿಸುವ ಆಸಿಲೋಸ್ಕೋಪ್ ನನ್ನ ಹತ್ತಿರ ಇಲ್ಲ. ಪ್ರೋಗ್ರಾಮನ್ನು ಸಿಮ್‌ಎವಿಆರ್‌ನಲ್ಲಿ (ಚಿಪ್ಪನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶ) ಓಡಿಸಿ, ಸಂಕೇತದ ಏರಿಳಿತ ದಾಖಲಿಸುವ ವಿಸಿಡಿ ಫೈಲ್ ಬರೆಸಿ, ಅದನ್ನು ಅಲೆಯಾಗಿ ತೋರಿಸುವ ಜಿಟಿಕೆವೇವ್‌ನಲ್ಲಿ ತೆರೆದು ನೋಡಿ ಅಂದಿರಿ. ಎರಡೂ ತಂತ್ರಾಂಶಗಳು ಉಚಿತ.

ನೋಡಿದೆ. ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುವಾಗ ಅದರ ಒಂದು ಸೈಕಲ್ (ಗಡಿಯಾರದ ಒಂದು ಮಿಡಿತ) ಅಂದರೆ 62.5 ನ್ಯಾನೋಸೆಕೆಂಡ್. ಪಟ್ಟಿಗೆ ಕಳಿಸುವ ಒಂದು ಬಿಟ್‌ಗೆ (ಸೊನ್ನೆ ಇಲ್ಲವೇ ಒಂದು) ಸಿಗುವುದು 1.25 ಮೈಕ್ರೋಸೆಕೆಂಡ್, ಬರೀ 20 ಸೈಕಲ್! ಅದರ ನಡುವೆ ಟೈಮರ್ ಇಂಟರಪ್ಟ್ (ನಡೆಯುವ ಕೆಲಸ ತಡೆದು ಬೇರೆ ಕೆಲಸ ಮಾಡಿಸುವ ಕರೆ) ನುಗ್ಗಿ ಪಲ್ಸ್, ಅಂದರೆ ಸಂಕೇತ ಮೇಲಿರುವ ಹೊತ್ತು, ಉದ್ದವಾಗುತ್ತಿತ್ತು. ಗಿಡ್ಡ ಪಲ್ಸ್ ಸೊನ್ನೆ, ಉದ್ದದ್ದು ಒಂದು; ಹಾಗಾಗಿ ಸೊನ್ನೆ ಹೋಗಿ ಒಂದಾಗುತ್ತಿತ್ತು. ಪರದೆಯ ಮೇಲೆ ಎಷ್ಟು ಸ್ಪಷ್ಟವಾಗಿ ಕಂಡಿತು ಗೊತ್ತಾ?

ಸುಮ್ನೆ ಉತ್ತರ ಹೇಳದೆ ನೋಡುವ ದಾರಿ ಕಲಿಸಿದಿರಲ್ಲ, ಅದಕ್ಕೇ ನನ್ನ ಧನ್ಯವಾದ ಜಾಸ್ತಿ. ಬಣ್ಣ ಕಳಿಸುವಾಗ ಈಗ ಇಂಟರಪ್ಟ್ ನಿಲ್ಲಿಸುತ್ತೇನೆ. ಕೆಂಪು ಕೆಂಪಾಗಿಯೇ ಬರುತ್ತಿದೆ.