ಹತ್ತನೇ ಬಿ ಮತ್ತು ಮೈಲುತುತ್ತಿನ ಅಂಟು

18 ನವೆಂಬರ್ 2024

ಪ್ರಿಯ ಪೋಷಕರೇ,

ನಮಸ್ಕಾರ. ಹತ್ತನೇ ತರಗತಿಯ ಟೀ ಶರ್ಟಿನ ವಿಷಯ ನಿಮ್ಮ ಮನೆಯಲ್ಲೂ ಮಾತಿಗೆ ಬಂದಿರಬೇಕು. ಜನವರಿಯ ವಾರ್ಷಿಕೋತ್ಸವಕ್ಕೆ 10 ಎ ಯವರು ಕಪ್ಪು ಟೀ ಶರ್ಟ್ ಮಾಡಿಸುತ್ತಾರಂತೆ. ಬೆನ್ನ ಮೇಲೆ ಕ್ಲಾಸಿನ ಹೆಸರು. ಅದನ್ನು ಕೇಳಿದ್ದೇ ತಡ, 10 ಬಿ ಯವರು ಕೆಂಪಿನದಕ್ಕೆ ಆರ್ಡರ್ ಕೊಡಲು ಹೊರಟರು. ಒಂದಕ್ಕೆ 380 ರೂಪಾಯಿ. ಇದರ ನಡುವೆ ಒಂದು ಮಗು ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಎಂದು ಚೀಟಿ ಬಂತು. ಕ್ಲಾಸ್ ಟೀಚರ್ ಮನೆಗೆ ಹೋಗಿ ನೋಡಿದರೆ ಜ್ವರವೂ ಇಲ್ಲ, ಗಿರವೂ ಇಲ್ಲ. ಮನೆಯಲ್ಲಿ ಹಣ ಕೇಳಲು ಬಾಯಿ ಬರಲಿಲ್ಲ, ಅಷ್ಟೇ.

ಹಾಗಾಗಿ ಟೀ ಶರ್ಟ್ ಬೇಡ ಎಂದು ಎರಡೂ ಕ್ಲಾಸಿಗೆ ಹೇಳಿದ್ದೇನೆ. ಮಕ್ಕಳಿಗೆ ಬೇಸರವಾಗಿದೆ. "ಹೆಡ್ ಮಾಷ್ಟ್ರಿಗೆ ಎಂತದೂ ಗೊತ್ತಿಲ್ಲ" ಎಂದು ಯಾರೋ ಮೆಟ್ಟಿಲಿಳಿಯುವಾಗ ಗೊಣಗಿದ್ದು ನನ್ನ ಕಿವಿಗೂ ಬಿತ್ತು. ಗೊತ್ತಿಲ್ಲದೆ ಏನು? ನಾನು ಇದೇ ಶಾಲೆಯ 10 ಬಿ ಯಲ್ಲಿ ಕಲಿತವನು, 1984-85ರಲ್ಲಿ. ಕ್ಲಾಸಿನ ಹುಚ್ಚು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಗ ಈಗಿನ ಕಾಂಕ್ರೀಟ್ ಕಟ್ಟಡ ಇರಲಿಲ್ಲ. ಒಂದು ಉದ್ದದ ಹಂಚಿನ ಮಾಡು, ನಡುವೆ ಗೋಡೆಗೆ ಬದಲು ಬಿದಿರಿನ ತಟ್ಟಿ. ತಟ್ಟಿಯ ಆಚೆ ಎ, ಈಚೆ ನಾವು. ಎರಡೂ ಕನ್ನಡ ಮೀಡಿಯಂ. ಕೊನೆಯ ಕೋಣೆಯಲ್ಲಿ ಮಲಯಾಳಂ ಮೀಡಿಯಮ್ಮಿನ ಸಿ. ಆಚೆ ಚರಿತ್ರೆ ಪಾಠ ಆದರೆ ಈಚೆ ಲೆಕ್ಕ ಮಾಡುವಾಗಲೂ ನಮಗೆ ಚರಿತ್ರೆಯೇ ಕೇಳುತ್ತಿತ್ತು. ಜೂನ್ ತಿಂಗಳ ಮಳೆ ಹಂಚಿಗೆ ಹೊಡೆಯುವಾಗ ಮಾತ್ರ ಎರಡೂ ಕಡೆ ಏನೂ ಕೇಳುತ್ತಿರಲಿಲ್ಲ. ಆಗ ಮಾಷ್ಟ್ರು ಬೋರ್ಡಿನಲ್ಲಿ ಬರೆಯುವುದು, ನಾವು ಬರೆದುಕೊಳ್ಳುವುದು. ಆಟದ ಮೈದಾನದಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಕಾಸರಗೋಡಲ್ಲವೇ, ಮನೆಭಾಷೆ ಒಬ್ಬೊಬ್ಬರದು ಒಂದೊಂದು.

ಬಾಗಿಲ ಹೊರಗೆ ಪ್ರತಿ ಕ್ಲಾಸಿಗೂ ಒಂದು ಚಿಕ್ಕ ಕಪ್ಪು ಹಲಗೆ ಇತ್ತು. ಅದರಲ್ಲಿ ದಿನದ ಹಾಜರಿ ಬರೆಯಬೇಕು. 44ಕ್ಕೆ 44 ಬಂದರೆ ನಾವು ಇಂಟರ್‌ವೆಲ್ಲಿನಲ್ಲಿ ಎ ಕ್ಲಾಸಿನ ಮುಂದೆ ಸುಮ್ನೆ ಎರಡು ಸಲ ನಡೆದು ಬರುತ್ತಿದ್ದೆವು, ನೀರು ಕುಡಿಯುವ ನೆವದಲ್ಲಿ. ಒಂದು ಸೋಮವಾರ 43 ಆಗಿತ್ತು. ಒಬ್ಬನಿಗೆ ಅಡಿಕೆ ತೋಟದ ಕಣಿ ಹಾರುವಾಗ ಕಾಲು ಉಳುಕಿತ್ತಂತೆ. ಮರುದಿನ ನಾವು ಮೂವರು ಬೆಳಗ್ಗೆ ಏಳಕ್ಕೇ ಅವನ ಮನೆಗೆ ಹೋದೆವು. ಅವನ ಅಮ್ಮ ಬೈದರು, ಆಮೇಲೆ ದೋಸೆ ಕೊಟ್ಟರು. ಅವನನ್ನು ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂರಿಸಿ ಏರಿನಲ್ಲಿ ತಳ್ಳಿ, ಇಳಿಜಾರಿನಲ್ಲಿ ಹಿಡಿದು ಶಾಲೆಗೆ ತಂದು ಮುಟ್ಟಿಸಿದೆವು. 44ಕ್ಕೆ 44. ಅವನ ಕಾಲು ಎರಡು ವಾರ ಜಾಸ್ತಿ ನೋಯಿತು ಎಂಬುದು ಬೇರೆ ಮಾತು. ಆಗ ಕ್ಲಾಸಿನ ಮಾನಕ್ಕಾಗಿ ಒಬ್ಬನನ್ನು ಹೊತ್ತು ತಂದೆವು, ಈಗ ಕ್ಲಾಸಿನ ಮಾನಕ್ಕಾಗಿ ಒಂದು ಮಗು ಮನೆಯಲ್ಲಿ ಉಳಿಯಿತು. ನನಗೆ ನಿದ್ದೆ ಕೆಡಿಸಿದ್ದು ಇದು.

ಮಾರ್ಕಿನ ಪೈಪೋಟಿ ನಮ್ಮಲ್ಲಿ ಅಷ್ಟೊಂದು ಇರಲಿಲ್ಲ. ಎಸ್ಸೆಸ್ಸೆಲ್ಸಿಗೆ ಒಟ್ಟು 600, ಪಾಸಾಗಲು 210. ಆ 210 ದಾಟಿದರೆ ಮನೆಯಲ್ಲಿ ಪಾಯಸ. ಗ್ರೇಡ್ ಬಂದದ್ದು 2005ರಲ್ಲಿ. ಎಲ್ಲದಕ್ಕೂ ಎ ಪ್ಲಸ್ ಬೇಕೆಂಬ ಚಿಂತೆ ಆಮೇಲಿನದು.

ನಮ್ಮ ನಿಜವಾದ ಯುದ್ಧ ನಡೆದದ್ದು ಕೈಬರಹದ ಪತ್ರಿಕೆಯಲ್ಲಿ. ವರ್ಷಕ್ಕೊಂದು, ಕ್ಲಾಸಿಗೊಂದು. ಗೆದ್ದ ಕ್ಲಾಸಿನದು ವಾರ್ಷಿಕೋತ್ಸವದ ದಿನ ವೇದಿಕೆಯ ಮೇಜಿನ ಮೇಲೆ. ಎ ಯವರು ಮುಖಪುಟಕ್ಕೆ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆಯನ್ನು ಬರೆಯುತ್ತಿದ್ದಾರೆ ಎಂದು ತಟ್ಟಿಯ ಸಂದಿನಿಂದ ನಮಗೆ ಗೊತ್ತಾಯಿತು. ಇಣುಕಿದವನು ನಾನೇ, ಈಗ ಒಪ್ಪಿಕೊಳ್ಳುತ್ತೇನೆ. ಮೊಸಳೆಯನ್ನು ಸೋಲಿಸುವುದು ಹೇಗೆ?

ಆ ವರ್ಷ ಮೇ 24ಕ್ಕೆ ಕಾಸರಗೋಡು ಜಿಲ್ಲೆ ಆಗಿತ್ತು. ಒಂಬತ್ತನೇ ಪಾಸಾಗುವಾಗ ನಾವು ಕಣ್ಣೂರು ಜಿಲ್ಲೆಯವರು, ಹತ್ತಕ್ಕೆ ಬರುವಾಗ ಕಾಸರಗೋಡು ಜಿಲ್ಲೆಯವರು. ಹೊಸ ಜಿಲ್ಲೆಯ ನಕ್ಷೆ ಶಾಲೆಯಲ್ಲಿ ಇನ್ನೂ ಇರಲಿಲ್ಲ. ನಾವೇ ಮಾಡೋಣ ಎಂದು ಹೊರಟೆವು. ಗೋಡೆಯ ಹಳೆ ನಕ್ಷೆಯ ಮೇಲೆ ಎಣ್ಣೆ ಸವರಿದ ಕಾಗದ ಇಟ್ಟು, ಕಣ್ಣೂರಿನ ಬಡಗಿನ ತುಂಡನ್ನು ಮಾತ್ರ ತೆಗೆದೆವು. ಎರಡು ತಾಲೂಕು, ಕಾಸರಗೋಡು ಮತ್ತು ಹೊಸದುರ್ಗ. ಎಣ್ಣೆಯ ಕಲೆ ಗೋಡೆಯ ನಕ್ಷೆಗೂ ಅಂಟಿ, ನಮಗೆ ನಾಲ್ಕು ಪೆಟ್ಟೂ ಬಿತ್ತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ, ಎಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದನ್ನು ಮನೆಯ ಜಗಲಿಯಲ್ಲಿ ಹಿರಿಯರು ಇನ್ನೂ ಆಡುತ್ತಿದ್ದ ಕಾಲ ಅದು. ನಮಗೆ ಮಾತ್ರ ಆ ಹೊಳೆಗೆ ಯಾವ ಬಣ್ಣ ಹಚ್ಚುವುದು ಎಂಬುದೇ ಚಿಂತೆ. ನೀಲಿ ಶಾಯಿ ಕಾಗದದಲ್ಲಿ ಹರಡುತ್ತಿತ್ತು.

ಉಪಾಯ ಹೇಳಿದವನು ಸಿ ಕ್ಲಾಸಿನ ಹುಡುಗ. ಅವನ ಅಪ್ಪ ಪೇಟೆಯಲ್ಲಿ ಲೆಕ್ಕದ ಪುಸ್ತಕ ಬೈಂಡ್ ಮಾಡುತ್ತಿದ್ದರು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು (ನೀಲಿ ಬಣ್ಣದ ತಾಮ್ರದ ಸಲ್ಫೇಟು) ಹಾಕಿದರೆ ಪುಸ್ತಕಕ್ಕೆ ಹುಳ ಬರುವುದಿಲ್ಲ ಎಂದ. ಮೈಲುತುತ್ತಿಗೆ ನಮ್ಮಲ್ಲಿ ಬರವೇ? ಅಡಿಕೆಗೆ ಮದ್ದು ಬಿಡುವ ಎಲ್ಲ ಮನೆಯಲ್ಲೂ ಡಬ್ಬದ ಅಡಿಯಲ್ಲಿ ಒಂದು ಹಿಡಿ ಉಳಿದೇ ಇರುತ್ತದೆ. ಅಂಟಿಗೆ ಹಾಕಿದ್ದಲ್ಲದೆ ಅದನ್ನೇ ನೀರಿನಲ್ಲಿ ಕರಗಿಸಿ ಚಂದ್ರಗಿರಿಗೂ ಬಳಿದೆವು. ಉಪಕಾರ ಮಾಡಿದವನಿಗೆ ಒಂದು ಪುಟ ಕೊಡಬೇಡವೇ? ಅವನು ಮಲಯಾಳದಲ್ಲಿ ಅರ್ಧ ಪುಟದ ಕಥೆ ಬರೆದ. ಹಾಗೆ ನಮ್ಮದರಲ್ಲಿ ಎರಡು ಲಿಪಿ ಆಯಿತು.

ಆದರೂ ಗೆದ್ದದ್ದು ಎ. ಮೊಸಳೆ ನಿಜಕ್ಕೂ ಚೆನ್ನಾಗಿತ್ತು. ನಾವು ಒಂದು ವಾರ ಅವರಲ್ಲಿ ಮಾತೇ ಬಿಟ್ಟೆವು.

ಮೂರು ವರ್ಷದ ಹಿಂದೆ ನಾನು ಇಲ್ಲಿಗೆ ಹೆಡ್ ಮಾಷ್ಟ್ರಾಗಿ ಬಂದಾಗ ಹಳೆ ಕಪಾಟು ಖಾಲಿ ಮಾಡಿಸಿದೆ. ಕೆಳಗಿನ ಅಟ್ಟದಲ್ಲಿ ಪೂರಾ ಒರಲೆ, ಎಂದರೆ ಗೆದ್ದಲು. ಮಣ್ಣು ಗೋರಿದ ಹಾಗೆ ಗೋರಿ ತೆಗೆಯಬೇಕಾಯಿತು. ಅದರೊಳಗೆ ನಮ್ಮ 10 ಬಿ ಯ ಪತ್ರಿಕೆ, ಅಂಚು ತಿಂದದ್ದು ಬಿಟ್ಟರೆ, ಹಾಗೆಯೇ ಇತ್ತು. ಹೊಳೆ ಸ್ವಲ್ಪ ಹಸಿರು ತಿರುಗಿದೆ. ನನ್ನ ಕವನವೂ ಉಳಿದಿದೆ. ಅದೊಂದನ್ನು ಒರಲೆ ತಿಂದಿದ್ದರೆ ಒಳ್ಳೆಯದಿತ್ತು.

ಈಗ ಕೆಲಸದ ಮಾತು. ಈ ವರ್ಷ ಟೀ ಶರ್ಟಿನ ಬದಲು ಎರಡೂ ಕ್ಲಾಸಿನವರು ಕೈಬರಹದ ಪತ್ರಿಕೆ ಮಾಡುತ್ತಾರೆ. ಇದೇ 22 ಮತ್ತು 29, ಎರಡು ಶುಕ್ರವಾರ ಸಂಜೆ 5 ಗಂಟೆಯ ತನಕ ಮಕ್ಕಳು ಶಾಲೆಯಲ್ಲಿರುತ್ತಾರೆ. ಡಿಸೆಂಬರಿಗೆ ಎಳೆಯುವುದಿಲ್ಲ, ಕ್ರಿಸ್ಮಸ್ ಪರೀಕ್ಷೆ ಇದೆಯಲ್ಲ. ದೂರದಿಂದ ಬಸ್ಸಿನಲ್ಲಿ ಬರುವವರನ್ನು ಹತ್ತಿಸಿಯೇ ಟೀಚರುಗಳು ಹೋಗುತ್ತಾರೆ. ಕಾಗದ, ಬಣ್ಣ, ಅಂಟು ಶಾಲೆಯದು. ಯಾರೂ ಒಂದು ರೂಪಾಯಿ ಕಳಿಸಬೇಡಿ. ಮೈಲುತುತ್ತನ್ನು ಮಾತ್ರ ದಯವಿಟ್ಟು ಮಕ್ಕಳ ಕೈಯಲ್ಲಿ ಕೊಡಬೇಡಿ. ಅದು ವಿಷ. ನಾವು ಆಗ ಕೈ ತೊಳೆಯದೆ ಬುತ್ತಿ ಬಿಚ್ಚಿದ್ದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ನೀವು ಕೊಡಬೇಕಾದದ್ದು ಬೇರೆ. ನಿಮ್ಮಲ್ಲಿ ಅನೇಕರು ಈ ಶಾಲೆಯವರೇ. ಒಂದಿಬ್ಬರು ನನ್ನ ಬೆಂಚಿನವರು, ಅವರ ಮೊಮ್ಮಕ್ಕಳು ಈಗ ಎಂಟನೆಯಲ್ಲಿದ್ದಾರೆ. ನಿಮ್ಮ ಕಾಲದ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳಿ, ಅವರು ಬರೆದುಕೊಳ್ಳಲಿ. ತುಳುವಿನಲ್ಲಿ ಹೇಳಿದರೂ ಆಗುತ್ತದೆ, ಮಲಯಾಳದಲ್ಲಿ ಹೇಳಿದರೂ ಆಗುತ್ತದೆ. ಟೀ ಶರ್ಟಿಗೆಂದು ಈಗಾಗಲೇ ಹಣ ಕೊಟ್ಟವರಿಗೆ ಕ್ಲಾಸ್ ಲೀಡರುಗಳು ಬುಧವಾರದೊಳಗೆ ಹಿಂದೆ ಕೊಡುತ್ತಾರೆ. ಬಾರದಿದ್ದರೆ ನನಗೆ ತಿಳಿಸಿ.

ಹಳೆ ಪತ್ರಿಕೆಯನ್ನು ಆಫೀಸಿನ ಮೇಜಿನ ಮೇಲೆ ಇಟ್ಟಿದ್ದೇನೆ. ಬಂದು ನೋಡಬಹುದು. ಪುಟ ಮಾತ್ರ ಮೆಲ್ಲ ತಿರುವಿ. ಮತ್ತೆ, 1984-85ರ 10 ಎ ಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮದರ ಹಿಂಬದಿಯ ರಟ್ಟು ಮತ್ತು ಮೊಸಳೆಯ ಬಾಲದ ಒಂದು ತುಂಡು ನನ್ನ ಹತ್ತಿರ ಇದೆ. ಕವರಿನಲ್ಲಿ ಹಾಕಿ ಇಟ್ಟಿದ್ದೇನೆ, ಬಂದು ತೆಗೆದುಕೊಂಡು ಹೋಗಿ.

ನಿಮ್ಮ,
ಮುಖ್ಯೋಪಾಧ್ಯಾಯ
(ಹಳೆಯ 10 ಬಿ)