ಮೆರಿಟ್ ಅಂದರೆ ಯಾವ ಪರೀಕ್ಷೆ, ಮಾರಾಯ?

ಪ್ರೀತಿಯ ಗೆಳೆಯನಿಗೆ,

ನೀನು ಕಳಿಸಿದ ವಿಡಿಯೊ ನೋಡಿದೆ. ಟ್ರಂಪ್ ಕಿವಿಗೆ ಗುಂಡು ತಗುಲಿದ ದಿನದ್ದು. ಸುತ್ತ ನಿಂತ ಅಂಗರಕ್ಷಕಿಯರು ಎತ್ತರದಲ್ಲಿ ಅವರಿಗೆ ಸಾಟಿಯಲ್ಲ. ಒಬ್ಬಾಕೆ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಲು ಒದ್ದಾಡುತ್ತಿದ್ದಾಳೆ. ಕೆಳಗೆ ನಿನ್ನ ಒಂದು ಸಾಲು: "ಸೆಕ್ಯುರಿಟಿಯಲ್ಲೂ ಕೋಟಾ ತಂದರೆ ಹೀಗೇ ಆಗೋದು." ಸೈನ್ಯದಿಂದ ಬಂದು ಸೆಕ್ಯುರಿಟಿ ಏಜೆನ್ಸಿ ನಡೆಸುವವನು ನೀನು, ಫೋನ್ ಮಾಡಿದರೆ ಸುಬೇದಾರ್ ದನಿ ತೆಗೆಯುತ್ತೀಯ, ನಾನು ಸುಮ್ಮನಾಗುತ್ತೇನೆ. ಅದಕ್ಕೇ ಪತ್ರ. ನಮ್ಮ ಕಡೆಯವರು ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಆ ದಿನ ಆದದ್ದೇನು ನೋಡು. 2024ರ ಜುಲೈ 13, ಪೆನ್ಸಿಲ್ವೇನಿಯಾದ ಬಟ್ಲರ್. ಗುಂಡು ಹೊಡೆದ 20 ವರ್ಷದ ಹುಡುಗ ಮಲಗಿದ್ದ ಛಾವಣಿ ವೇದಿಕೆಯಿಂದ ಒಂದು ಫರ್ಲಾಂಗೂ ದೂರ ಇರಲಿಲ್ಲ. ಅದರ ಮೇಲೆ ಕಾವಲಿಗೆ ಒಬ್ಬರೂ ಇರಲಿಲ್ಲ. ಸ್ಥಳೀಯ ಪೊಲೀಸರು ಅವನನ್ನು ಮೊದಲೇ ಗಮನಿಸಿದ್ದರು, ಫೋಟೊ ಕೂಡ ತೆಗೆದಿದ್ದರು. ಆದರೆ ಪೊಲೀಸರ ರೇಡಿಯೊ ಬೇರೆ, ಟ್ರಂಪ್ ಕಾವಲಿಗಿದ್ದ ಸೀಕ್ರೆಟ್ ಸರ್ವಿಸ್‌ನ ರೇಡಿಯೊ ಬೇರೆ. ಟ್ರಂಪ್ ಪಕ್ಕದಲ್ಲಿದ್ದವರಿಗೆ ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟಲೇ ಇಲ್ಲ. ಸಭೆಗೆ ಬಂದಿದ್ದ ಒಬ್ಬರು ಪ್ರಾಣ ಬಿಟ್ಟರು. ಸೀಕ್ರೆಟ್ ಸರ್ವಿಸ್‌ನ ನಿರ್ದೇಶಕಿ ಕಿಂಬರ್ಲಿ ಚೀಟಲ್ ಹತ್ತೇ ದಿನದಲ್ಲಿ ರಾಜೀನಾಮೆ ಕೊಟ್ಟರು. 2030ರ ಹೊತ್ತಿಗೆ ಹೊಸದಾಗಿ ಸೇರುವವರಲ್ಲಿ ಶೇ 30 ಹೆಂಗಸರಿರಬೇಕು ಅಂತ ಅವರು ಗುರಿ ಇಟ್ಟುಕೊಂಡಿದ್ದು ನಿಜ. ಜನ ಅದನ್ನೇ ಹಿಡಿದು ಎಳೆದಾಡಿದರು. ಛಾವಣಿ ಇಳಿಜಾರಾಗಿತ್ತು, ಹಾಗಾಗಿ ಮೇಲೆ ಯಾರನ್ನೂ ನಿಲ್ಲಿಸಲಿಲ್ಲ ಅನ್ನುವ ಅವರ ಸಬೂಬು ಕೇಳಿ ನನಗೂ ನಗು ಬಂತು. ಮಳೆಗಾಲಕ್ಕೆ ಮುಂಚೆ ನಮ್ಮ ಮನೆಗಳ ಮೇಲೆ ಹತ್ತಿ ಹೆಂಚು ಸರಿಮಾಡುವವರಿಗೆ ಹೇಳಿದ್ದರೆ ಅವರೂ ನಗುತ್ತಿದ್ದರು. ಆದರೆ ಆ ಖಾಲಿ ಛಾವಣಿಗೂ ಅಂಗರಕ್ಷಕಿಯ ಎತ್ತರಕ್ಕೂ ಏನು ಸಂಬಂಧ?

ಎತ್ತರದ ಮಾತನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ. ಮೈಯನ್ನೇ ಅಡ್ಡ ಕೊಟ್ಟು ಒಬ್ಬರನ್ನು ಮುಚ್ಚಬೇಕಾದ ಜಾಗಕ್ಕೆ ಎತ್ತರದವರೇ ಬೇಕು. ಹಾಗಂತ ನಿಯಮ ಮಾಡಲಿ, ಕುಳ್ಳ ಗಂಡಸರಿಗೂ ಅದೇ ನಿಯಮ ಇರಲಿ. ನಮ್ಮ ರಾಜ್ಯದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಗಂಡಸರು 1600 ಮೀಟರ್ ಓಡಬೇಕು, ಹೆಂಗಸರಿಗೆ 400 ಸಾಕು. ಇದು ಅನ್ಯಾಯ ಅಂತ ನೀನು ಎಷ್ಟೋ ಸಲ ಹೇಳಿದ್ದೀಯ. ಸರಿ, ಕಳ್ಳನನ್ನು ಬೆನ್ನಟ್ಟುವ ಕೆಲಸಕ್ಕೆ ಇಬ್ಬರಿಗೂ ಒಂದೇ ಓಟ ಇಡಲಿ, ನನ್ನ ತಕರಾರಿಲ್ಲ. ಆದರೆ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕು ಅನ್ನುತ್ತದೆ ಕಾನೂನು. ಪೋಕ್ಸೊ ಪ್ರಕರಣದಲ್ಲಿ ಮಗುವಿನ ಹೇಳಿಕೆಯನ್ನು ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅಲ್ಲಿ ಹೆಂಗಸಾಗಿರುವುದೇ ಅರ್ಹತೆ, ಅಲ್ವಾ?

ಈಗ ನಮ್ಮೂರಿನ ಮಾತು. ಇದನ್ನು ನೀನು ಕೇಳಲೇಬೇಕು, ಯಾಕೆಂದರೆ ಪ್ರತಿ ಸಲ ವಾದ ಶುರುವಾದಾಗ ನೀನು ನಮ್ಮ ಕೊಡಗಿನ ಜನರಲ್‌ಗಳಾದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರ ಹೆಸರನ್ನೂ ಎತ್ತುತ್ತೀಯ. ಮಡಿಕೇರಿಯ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. ಮುಂದಿನ ಸಲ ಬಂದಾಗ ತಿಮ್ಮಯ್ಯನವರ ಆ ಮನೆಗೆ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಅವರು ಬ್ರಿಟನ್ನಿನ ಸೇನಾಧಿಕಾರಿಗಳ ತರಬೇತಿ ಶಾಲೆ ಸ್ಯಾಂಡ್‌ಹರ್ಸ್ಟ್‌ಗೆ ಹೋದದ್ದು ಹೇಗೆ ಗೊತ್ತಲ್ಲ? ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷರು ಅಲ್ಲಿ ಭಾರತೀಯರಿಗೆ ಅಂತ ವರ್ಷಕ್ಕೆ 10 ಸೀಟು ಎತ್ತಿಟ್ಟರು. ಕೋಟಾ ಕಣೋ, ಅಪ್ಪಟ ಕೋಟಾ! ಅದಕ್ಕೂ ಗೊಣಗಿದವರಿದ್ದರು. ಭಾರತೀಯರಿಗೆ ಪಡೆ ನಡೆಸುವ ಯೋಗ್ಯತೆ ಇಲ್ಲ ಅನ್ನುವವರು, ಬಿಳಿಯ ಅಧಿಕಾರಿ ಕಂದು ಮನುಷ್ಯನ ಆರ್ಡರ್ ಕೇಳುತ್ತಾನಾ ಅನ್ನುವವರು. 1923ರಲ್ಲಿ ಎಂಟೇ ಪಲ್ಟನ್‌ಗಳನ್ನು ಬೇರೆ ಮಾಡಿ ಭಾರತೀಯ ಅಧಿಕಾರಿಗಳನ್ನು ಅಲ್ಲಿಗೆ ತಳ್ಳುವ ಯೋಜನೆ ಬಂತು. ಬಿಳಿಯರು ಇವರ ಕೈಕೆಳಗೆ ದುಡಿಯುವ ಪ್ರಸಂಗವೇ ಬರಬಾರದು ಅಂತ. ತಿಮ್ಮಯ್ಯ ಸೇರಿದ ಹೈದರಾಬಾದ್ ರೆಜಿಮೆಂಟಿನ ಪಲ್ಟನ್ ಆ ಎಂಟರಲ್ಲಿ ಒಂದು.

ಸೀಟು ಕೋಟಾದ್ದು. 1948ರ ನವೆಂಬರಿನ ಚಳಿಯಲ್ಲಿ ತಿಮ್ಮಯ್ಯ ಕಾಶ್ಮೀರದ ಜೊಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು ಯಾವ ಕೋಟಾದ್ದು, ಹೇಳು?

ಇನ್ನೊಂದು ತಮಾಷೆ ಇದೆ. ಸೇನೆಯಲ್ಲಿ ಮಹಿಳಾ ಅಧಿಕಾರಿಗಳ ಕಾಯಂ ನೇಮಕದ ಕೇಸು ಸುಪ್ರೀಂ ಕೋರ್ಟಿನಲ್ಲಿದ್ದಾಗ ನಮ್ಮದೇ ಸರ್ಕಾರ ಏನು ವಾದ ಮಾಡಿತ್ತು? ಜವಾನರು ಹೆಚ್ಚಾಗಿ ಹಳ್ಳಿಗಾಡಿನ ಗಂಡಸರು, ಹೆಂಗಸಿನ ಆರ್ಡರ್ ಒಪ್ಪಿಕೊಳ್ಳುವಷ್ಟು ಅವರ ಮನಸ್ಸು ಇನ್ನೂ ತಯಾರಾಗಿಲ್ಲ ಅಂತ. 2020ರ ಫೆಬ್ರವರಿಯಲ್ಲಿ ಕೋರ್ಟು ಅದನ್ನು ತಳ್ಳಿಹಾಕಿತು. ಕಂದು ಮನುಷ್ಯನ ಜಾಗದಲ್ಲಿ ಹೆಂಗಸು ಬಂದಳು, ವಾದ ಮಾತ್ರ ಹಳೆಯದೇ. ಮುಂದೆ ಸೇನಾಧಿಕಾರಿಗಳನ್ನು ತಯಾರುಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಬಾಗಿಲೂ ತೆರೆಯಿತು. 2025ರ ಮೇನಲ್ಲಿ ಅಲ್ಲಿಂದ 17 ಹುಡುಗಿಯರು ತೇರ್ಗಡೆಯಾಗಿ ಹೊರಬಂದರು.

ನೀನು ಕೇಳುತ್ತೀಯ, ಹಾಗಾದರೆ ಮೆರಿಟ್ ಬೇಡವಾ ಅಂತ. ಬೇಕು ಮಾರಾಯ. ಆದರೆ ಮೆರಿಟ್ ಪಟ್ಟಿ ಅಂದ ಕೂಡಲೇ ಕೈ ಮುಗಿಯುವವನು ನಾನಲ್ಲ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ನಡೆಯಿತಲ್ಲ, ಅದೂ ಮೆರಿಟ್ ಪಟ್ಟಿಯೇ. ಓಎಂಆರ್ ಶೀಟನ್ನೇ ತಿದ್ದಿದ್ದರು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧನಕ್ಕೆ ಒಳಗಾದರು. ಪರೀಕ್ಷೆ ರದ್ದಾಗಿ, ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ನಿಜವಾಗಿ ಓದಿ ಪಾಸಾದವರ ಗತಿ ಏನು? ಆ ಸಿಟ್ಟೆಲ್ಲ ಹೋಗಿ ಕೊನೆಗೆ ಬೀಳುವುದು ಮೀಸಲಾತಿಯ ಮೇಲೆ. ನನಗೆ ಅರ್ಥವೇ ಆಗದ ವಿಷಯ ಇದು.

ನಾಗರಹೊಳೆ ಕಡೆ ನೋಡು. ಗಸ್ತಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನು ಎಷ್ಟೋ ಸಲ ಜೇನುಕುರುಬರ ಅಥವಾ ಯರವರ ಹುಡುಗ. ಆನೆ ಎಷ್ಟು ಹೊತ್ತಿಗೆ ದಾಟಿತು, ಹೆಜ್ಜೆ ನಮ್ಮವರದೋ ಹೊರಗಿನವರದೋ, ಲದ್ದಿ, ಮುರಿದ ಕೊಂಬೆ ನೋಡಿ ಹೇಳುತ್ತಾನೆ. ಸಂಬಳ ದಿನಗೂಲಿ. ಕಾಯಂ ಕೆಲಸಕ್ಕೆ ಅರ್ಜಿ ಹಾಕಿದರೆ ಶಾಲೆಯ ಅಂಕಪಟ್ಟಿ ಕೇಳುತ್ತಾರೆ. ಅಂಕ ಜಾಸ್ತಿ ಇರುವ ಬಯಲುಸೀಮೆಯ ಹುಡುಗ ಆಯ್ಕೆಯಾಗಿ ಬರುತ್ತಾನೆ, ಪಾಪ, ಕಾಡು ಕಲಿಯುವುದು ಇದೇ ದಿನಗೂಲಿಯವನ ಹಿಂದೆ ನಡೆದು. ಇಲ್ಲಿ ಮೆರಿಟ್ ಯಾರದು? ಕಾಡು ಕಾಯುವ ಕೆಲಸಕ್ಕೆ ಕಾಡಿನಲ್ಲೇ ಪರೀಕ್ಷೆ ಇಟ್ಟರೆ ಮೀಸಲಾತಿಯ ಮಾತೇ ಬೇಕಾಗುವುದಿಲ್ಲ, ಅರ್ಧ ಪಟ್ಟಿ ಈ ಬುಡಕಟ್ಟಿನವರ ಹಾಡಿಗಳಿಂದಲೇ ತುಂಬುತ್ತದೆ. ಬಂದೂಕಿನ ಪರೀಕ್ಷೆಯೂ ಹಾಗೇ. ಕೊಡವರ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುರಿಯಿಡುವ ನಮ್ಮ ಹೆಣ್ಣುಮಕ್ಕಳನ್ನು ನೀನೇ ನೋಡಿದ್ದೀಯ. ಅವರಿಗೆ ಯಾರೂ ಕಾಯನ್ನು ಹತ್ತಿರ ತಂದು ಕಟ್ಟುವುದಿಲ್ಲ.

ಕೊನೆಯದು ನಿನ್ನದೇ ಏಜೆನ್ಸಿಯ ವಿಷಯ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ತೆಗೆದು ನೋಡು. ಗಾರ್ಡ್‌ಗಳನ್ನು ಸೇರಿಸಿಕೊಳ್ಳುವಾಗ ಸೇನೆ, ಪೊಲೀಸ್, ಹೋಮ್ ಗಾರ್ಡ್‌ನಲ್ಲಿದ್ದವರಿಗೆ ಆದ್ಯತೆ ಕೊಡಬಹುದು ಅಂತಿದೆ. ಬೇರೆಯವರಿಗೆ 160 ಗಂಟೆ ತರಬೇತಿ, ಮಾಜಿ ಸೈನಿಕರಿಗೆ ಅದಕ್ಕಿಂತ ತುಂಬಾ ಕಡಿಮೆ. ನೀನು ಈ ಲೈನಿಗೆ ಬಂದದ್ದೇ ಆ ಬಾಗಿಲಿನಿಂದ. ತಪ್ಪು ಅನ್ನುತ್ತಿಲ್ಲ, ಸೈನ್ಯದಲ್ಲಿ ಕಲಿತದ್ದಕ್ಕೆ ಬೆಲೆ ಇದೆ. ಆದರೆ ಬೆಂಗಳೂರಿಗೆ ಬಂದಾಗ ನಾನು ನೋಡಿದ ಹಾಗೆ ನಿನ್ನ ಹೆಂಗಸರೆಲ್ಲ ಗೇಟಿನಲ್ಲಿ ಬ್ಯಾಗ್ ತಡಕುತ್ತಿದ್ದಾರೆ, ಕಂಟ್ರೋಲ್ ರೂಮಿನಲ್ಲಿ ಒಬ್ಬಳೂ ಇಲ್ಲ. ಕ್ಯಾಮೆರಾ ನೋಡಲು, ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸಲು ಎಷ್ಟು ಅಡಿ ಎತ್ತರ ಬೇಕು? ಬಟ್ಲರ್‌ನಲ್ಲಿ ಕೈಕೊಟ್ಟದ್ದೂ ಅದೇ ಕೆಲಸ ತಾನೇ. ಸೂಪರ್‌ವೈಸರ್ ಮಾಡಲು ನೀನು ಯಾವ ಪರೀಕ್ಷೆ ಇಡುತ್ತೀಯ, ಅದರ ಪೇಪರ್ ಕಳಿಸು. ಆ ಗೇಟಿನ ಹೆಂಗಸರಿಗೂ ಒಂದು ಸಲ ಕೊಟ್ಟು ನೋಡು. ಯಾರಿಗೆ ಎಷ್ಟು ಬಂತು ಅಂತ ಬರಿ, ಆಮೇಲೆ ಜಗಳ ಮುಂದುವರಿಸೋಣ.

ನಿನ್ನ ಗೆಳೆಯ,
ಗೋಣಿಕೊಪ್ಪದಿಂದ